ಎಡಗಡೆಯ ಗೀರು

ಬಾಯಿ ತೆರೆಸಿ, ಹಲ್ಲು ನೋಡಿ
ಕುದುರೆಯ ವಯಸ್ಸು ಹೇಳುವವರಿದ್ದರಂತೆ.
ನಾನು ಮೊದಲು ಮೂಸುತ್ತೇನೆ.
ಬ್ಲೂಫೀಲ್ಡಿನ ಈ ಅಂಗಡಿಗೆ ಬರುವ ಗಿಟಾರುಗಳಲ್ಲಿ
ಅರ್ಧಕ್ಕರ್ಧ ಕಲ್ಲಿದ್ದಲ ಹೊಗೆ ಕುಡಿದವು,
ಉಳಿದವು ಮಂಚದಡಿ ಇಲಿಯ ಸಂಸಾರ ಸಾಕಿದವು.

ಲರೀನ್ ಸ್ಟಿಲ್ಟ್ನರ್ ತಂದದ್ದು ಎರಡನ್ನೂ ಮಾಡಿತ್ತು.
ಪೆಟ್ಟಿಗೆಯ ಕೊಂಡಿ ಮುರಿದು ನಾಯಿಯ ಬೆಲ್ಟು ಬಿಗಿದಿತ್ತು.
"ಅಪ್ಪನದು. ಮೂವತ್ತೆಂಟರಲ್ಲಿ ಕೊಂಡದ್ದು, ಮದುವೆಗೆ ಮುಂಚೆ.
ಮೊಮ್ಮಗನಿಗೆ ಶಾಲೆಯ ಬ್ಯಾಂಡಿಗೊಂದು ಕ್ಲಾರಿನೆಟ್ ಬೇಕು.
ಸಾಟಿಗೆ ಬರುತ್ತದೋ?"

ಬರುತ್ತದೋ ಇಲ್ಲವೋ, ಅದು ಕೊನೆಯ ಮಾತು.
ತಂತಿ ಬಿಚ್ಚಿ, ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿಯನ್ನು
ಹೊಟ್ಟೆಯೊಳಗೆ ಇಳಿಸಿದೆ.
ಅಂಟಿನ ಕಂದು ಹನಿ, ಯಾರದೋ ಪೆನ್ಸಿಲ್ ಗೆರೆ,
ಅಂಗಿಯ ಒಂದು ಗುಂಡಿ, ಒಣಗಿದ ಕಣಜದ ಹುಳ.
ಅಚ್ಚೊತ್ತಿದ ನಂಬರನ್ನು ತೇವ ನೆಕ್ಕಿಬಿಟ್ಟಿತ್ತು.
ನಂಬರು ಹೋದರೆ ಹೋಯಿತು, ಮೈ ಇದೆಯಲ್ಲ.

ನೀಲಿ ದೀಪದಡಿ ಹಳೆಯ ಮೆರುಗು ಹಸಿರಾಗಿ ಹೊಳೆಯಿತು,
ಮರುಬಣ್ಣದ ಕಪ್ಪು ಎಲ್ಲೂ ಇಲ್ಲ.
ತಲೆ ಮುರಿದಿಲ್ಲ. ಕುದುರೆ ಒಮ್ಮೆ ಕಿತ್ತುಬಂದು ಮತ್ತೆ ಕೂತಿದೆ.
ಕತ್ತಿಗೆ ಅಯಸ್ಕಾಂತ ಹಿಡಿದೆ. ಅಂಟಲಿಲ್ಲ.
ಮತ್ತೆ ಹಿಡಿದೆ.
ಈ ಮಾದರಿಯ ಕತ್ತಿನೊಳಗೆ ಉಕ್ಕಿನ ಸರಳಿರಬೇಕು.
ಸರಳಿಲ್ಲದವು ಹುಟ್ಟಿದ್ದು
ಉಕ್ಕೆಲ್ಲ ಯುದ್ಧಕ್ಕೆ ಹೋದ ಆ ಎರಡು ಮೂರು ವರ್ಷ ಮಾತ್ರ.

"ನಲವತ್ಮೂರು," ಅಂದೆ. "ಹೆಚ್ಚೆಂದರೆ ನಲವತ್ನಾಲ್ಕು."
ಲೆಕ್ಕ ತಪ್ಪಿದ ಹುಡುಗನನ್ನು ಕಂಡ ಹಾಗೆ ನಕ್ಕಳು.
"ಆಗ ಅಪ್ಪ ಇಟಲಿಯ ಕೆಸರಿನಲ್ಲಿದ್ದ."

ಬೆಲೆ ಕಟ್ಟುವವನು ಮನೆಯ ಕಥೆಗೆ ಬಾಯಿ ಹಾಕಬಾರದು,
ಎಮರಿ ಮುದುಕ ಹೇಳಿಕೊಟ್ಟ ಮೊದಲ ಪಾಠ.
ಎರಡನೆಯದು: ಗೀರು ಎಣಿಸು.

ಗೀರು ತಾಗದಿರಲೆಂದು ಬಲಗಡೆ ಅಂಟಿಸಿದ
ಆಮೆಚಿಪ್ಪಿನ ಬಣ್ಣದ ತಗಡು
ಮೊನ್ನೆ ಕೂರಿಸಿದಷ್ಟು ನುಣುಪು.
ಎಡಗಡೆ, ಯಾರ ಕೈಯೂ ಹೋಗದ ಕಡೆ,
ಮೆರುಗು ಹೋಗಿ, ಬಣ್ಣ ಹೋಗಿ,
ಮರದ ಎಳೆ ಎದ್ದುನಿಂತು
ಕೋಳಿ ಕೆದರಿದ ಅಂಗಳ.

ತಿರುಗಿಸಿ ಹಿಡಿದೆ, ತಲೆ ಬಲಕ್ಕೆ.
ಗೀರೆಲ್ಲ ಬಂದು ಕೈಯ ಕೆಳಗೆ ಕೂತವು.
ತಂತಿ ಕೂರುವ ಮೂಳೆಯ ಕಚ್ಚುಗಳು ಮಾತ್ರ ಹುಟ್ಟಿದ ಹಾಗೇ ಇದ್ದವು.
ತಂತಿ ಬದಲಿಸದೆ, ಬೋರಲು ಹಿಡಿದು ನುಡಿಸಿದ್ದಾರೆ.
ಮುಗಿಸಿ, ಯಾರಿಗೂ ತಿಳಿಯದ ಹಾಗೆ
ಮೊಳೆಗೆ ಮರಳಿ ತೂಗುಹಾಕಿದ್ದಾರೆ.

"ಅಪ್ಪ ಎಡಚರೋ?"
"ಅಲ್ಲ."
ಹೊರಗೆ ಕಲ್ಲಿದ್ದಲ ರೈಲು. ಡಬ್ಬಿ ಮುಗಿಯಲೇ ಇಲ್ಲ.
"ಅಮ್ಮ ಕತ್ತರಿ ಹಿಡಿಯುತ್ತಿದ್ದದ್ದು ಎಡಗೈಲಿ,"
ಅಂದಳು, ನನಗಲ್ಲ. "ಆಲೂಗಡ್ಡೆ ಸುಲಿಯುವುದೂ.
ಅಪ್ಪನಿಗೆ ಗಣಿಯಲ್ಲಿ ರಾತ್ರಿಪಾಳಿ.
ನಮ್ಮ ದೀಪ ಎಂಟಕ್ಕೇ ಆರಿಸುತ್ತಿದ್ದಳು.
ಇಗರ್ಜಿಯಲ್ಲೂ ಅವಳು ದನಿ ಎತ್ತಿದ್ದು ಕಾಣೆ."

ಮೊದಲ ಮೂರು ಮೆಟ್ಟಿಲಲ್ಲಿ ಉಗುರಿನ ಗುಳಿ.
ಐದರಲ್ಲೂ ಇತ್ತು. ಏಳರಲ್ಲೂ.
ಹೊತ್ತು ಕಳೆಯಲು ಮೀಟಿದ ಕೈಯಲ್ಲ ಅದು.

ಚೀಟಿ ಬರೆದೆ: ಕುದುರೆಗೆ ನೂರೈವತ್ತು ಕಡಿತ,
ಎಡಗಡೆಯ ಗೀರಿಗೆ ಇನ್ನೂರು ಡಾಲರು ಕಡಿತ.
ಸಾಟಿಗಾದರೆ ಸಾವಿರದ ಒಂಬೈನೂರು,
ನಗದಾದರೆ ನಾನೂರು ಕಮ್ಮಿ.
"ಗೀರಿಗೂ ಕಡಿತವೋ?"
"ಕೊಳ್ಳುವವರು ಅದನ್ನೇ ಮೊದಲು ನೋಡುತ್ತಾರೆ."
ಗೀರಿನ ಮೇಲೆ ಬಲಗೈ ಇಟ್ಟಳು. ತೆಗೆದು,
ಎಡಗೈ ಇಟ್ಟಳು.

ವಾಪಸು ಒಯ್ಯುತ್ತಾಳೆ ಅಂದುಕೊಂಡೆ. ಒಯ್ಯಲಿಲ್ಲ.
ಹುಡುಗನಿಗೆ ಸೋಮವಾರದಿಂದ ಬ್ಯಾಂಡು.
ರಸೀದಿಯಲ್ಲಿ ಹಿಂದಿನ ಮಾಲೀಕರು ಎಂಬಲ್ಲಿ
ತಾನೇ ಬರೆದ ಹೋಬರ್ಟ್ ಹೊಡೆದುಹಾಕಿ
ಓಲೀಟ ಎಂದು ಬರೆದಳು.
ಕ್ಲಾರಿನೆಟ್ ಎತ್ತಿಕೊಂಡಳು. ಬಾಕಿ ಎಣಿಸಿಕೊಂಡಳು, ಎರಡು ಸಲ.

ಆ ಕ್ಲಾರಿನೆಟ್ಟಿನ ಬಾಯಿಯ ಮೇಲೆ
ಯಾರದೋ ಹಲ್ಲಿನ ಗುರುತಿತ್ತು.
ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.