ಪುಟಕ್ಕೆ ಐನೂರು ಬೈಸಾ

ರೂವಿಯ ಹೋಂಡಾ ರಸ್ತೆಯಲ್ಲಿ, ಟಯರ್ ಅಂಗಡಿಯ ಪಕ್ಕ
ನನ್ನದೊಂದು ಮೇಜು, ಒಂದು ಪ್ರಿಂಟರು, ಕುಂಟುವ ಕುರ್ಚಿ.
ಮೊದಲೆಲ್ಲ ಬತಾಕಾ ನವೀಕರಣ, ರಜೆಯ ಅರ್ಜಿ,
ಅರ್ಬಾಬನಿಗೆ ಬರೆಯುವ ವಿನಯದ ಪತ್ರ.
ಈಗೆರಡು ವರ್ಷದಿಂದ ಪೋಲೆಂಡ್, ಮಾಲ್ಟಾ, ಕ್ರೊಯೇಷಿಯಾ.
ಭೂಪಟದಲ್ಲಿ ನಾನೂ ಬೆರಳಿಟ್ಟು ಹುಡುಕಿದ ದೇಶಗಳು.

ಪುಟಕ್ಕೆ ಐನೂರು ಬೈಸಾ. ಪ್ರಶ್ನೆಗೆ ದುಡ್ಡಿಲ್ಲ.
ಅದಕ್ಕೇ ಇರಬೇಕು, ಪ್ರಶ್ನೆಗಳೇ ಹೆಚ್ಚು.

ವೆಲ್ಡರ್ ಶೇಕಬ್ಬ ಕೇಳುತ್ತಾನೆ:
ಜೂನಿನಲ್ಲಿ ಅಲ್ಲಿ ರಾತ್ರಿ ಹತ್ತಾದರೂ ಬೆಳಕಂತೆ,
ಉಪವಾಸ ಬೇಸಿಗೆಗೆ ಬಂದರೆ ಬಿಡುವುದು ಯಾವಾಗ?
ಇದನ್ನು ಏಜೆಂಟನಿಗೆ ಬರೆಯಲೋ ಬೇಡವೋ ಎಂದು
ನನ್ನ ಬೆರಳು ತಡೆದಾಗ
"ಇರಲಿ, ಮೊದಲು ರೂಮಿನ ಬಾಡಿಗೆ ಎಷ್ಟಂತ ಹಾಕು" ಎಂದ.

ಗ್ರೆಟ್ಟಾ ಮಚಾದೊ, ಶಿರ್ವದವಳು.
ಖುರುಮ್‌ನ ಬಂಗಲೆಯಲ್ಲಿ ಒಬ್ಬ ಮುದುಕಿಯನ್ನು
ಹನ್ನೊಂದು ವರ್ಷ ಮಗ್ಗುಲು ಬದಲಿಸಿ ಮಲಗಿಸಿದವಳು.
ಇನ್ನು ಮಾಲ್ಟಾದಲ್ಲೊಬ್ಬ ಮುದುಕ.
ಚೀಟಿಯಲ್ಲಿ ಬರೆದು ತಂದದ್ದನ್ನು ಓದಿದಳು:
ಸ್ವಂತ ಕೋಣೆ ಉಂಟಾ? ಒಳಗಿನಿಂದ ಚಿಲಕ ಉಂಟಾ?
ಪಾಸ್‌ಪೋರ್ಟು ನನ್ನ ಕೈಯಲ್ಲೇ ಇರ್ತದಾ?
ಆಮೇಲೆ ಚೀಟಿ ಮಡಚಿ, ಅದರಲ್ಲಿ ಇಲ್ಲದ್ದು:
ಅವರು ತೀರಿಕೊಂಡರೆ
ನನ್ನ ವೀಸಾ ಎಷ್ಟು ದಿನ ಬದುಕ್ತದೆ?

ಟೈಪ್ ಮಾಡಿದೆ.
ಬದುಕು ತೆಗೆದು ವ್ಯಾಲಿಡಿಟಿ ಎಂದು ಹಾಕಿದೆ.

ಸುರಪುರದ ಮಾನಪ್ಪ ಬಡಿಗೇರ,
ಶಟರಿಂಗ್ ಕೆಲಸದವ, ಉಗುರಲ್ಲಿ ಸಿಮೆಂಟು,
ಪೋಲೆಂಡಿನ ಕರಾರುಪತ್ರ ತೊಡೆಯ ಮೇಲಿಟ್ಟುಕೊಂಡು:
"ಅಲ್ರಿ ಸರ, ಇಲ್ಲಿ ಬ್ಯಾಸಗ್ಯಾಗ ಮಧ್ಯಾಹ್ನ
ಬಿಸಲು ಜಾಸ್ತಿ ಅಂತ ಕೆಲಸ ನಿಲ್ಲಸ್ತಾರ.
ಅಲ್ಲಿ ಚಳಿಗಾಲದಾಗ ಮೂರೂವರಿಗೇ ಹೊತ್ತು ಮುಳಗ್ತದಂತ.
ಪಗಾರ ಪೂರಾ ದಿನದ್ದೋ, ಬೆಳಕಿದ್ದಷ್ಟೋ?"

ಕರಾರನ್ನು ಮೂರು ಸಲ ಓದಿದೆ.
ಬೂಟಿನ ಬಗ್ಗೆ ಇತ್ತು, ಹೆಲ್ಮೆಟ್ಟಿನ ಬಗ್ಗೆ ಇತ್ತು,
ಸತ್ತರೆ ಪೆಟ್ಟಿಗೆಯ ಖರ್ಚು ಯಾರದ್ದೆಂದು ಇತ್ತು.
ಸೂರ್ಯನ ಬಗ್ಗೆ ಒಂದಕ್ಷರ ಇರಲಿಲ್ಲ.
ಕೇಳಿ ಬರೆದೆ. ಉತ್ತರ ಬರಲಿಲ್ಲ.
ಅವನು ಹೋದ, ಯಾರ್ಯಾರದೋ ಎರಡು ಸ್ವೆಟರು ಕಟ್ಟಿಕೊಂಡು,
ಕೊನೆಯ ಪುಟದ ಐನೂರು ಬೈಸಾ ಬಾಕಿ ಇಟ್ಟು.

ನನ್ನನ್ನೂ ಕೇಳುತ್ತಾರೆ, ನೀವ್ಯಾಕೆ ಹೋಗಲಿಲ್ಲ?
ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡಿದೆ ಎಂದು ಬಗ್ಗುತ್ತೇನೆ.

ಡಿಸೆಂಬರಿನ ಒಂದು ರಾತ್ರಿ, ಇಶಾ ಬಾಂಗಿನ ಹೊತ್ತು,
ಶಟರ್ ಅರ್ಧ ಎಳೆದಿದ್ದೆ, ಫೋನು ಗುರ್ರೆಂದಿತು.
ಮಾನಪ್ಪನ ಫೋಟೋ. ಬರಿಗೈಯಲ್ಲಿ ಒಂದು ಹಿಡಿ ಹಿಮ,
ಹಿಂದೆ ಕ್ರೇನು, ಅದರ ಹಿಂದೆ ಕಪ್ಪು.
"ಇದು ಸೆಟ್ ಆಗಂಗಿಲ್ಲ ಸರ, ಕೈಯಾಗೇ ಕರಗ್ತದ."

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು:
"ಅವತ್ತು ಕೇಳಿದ್ನಲ್ರಿ. ಹೊತ್ತು ಮುಳುಗಿದ ಮ್ಯಾಲ
ಲೈಟು ಹಾಕ್ತಾರ."