ಕಲ್ಲಂಗಡಿ ವ್ಯಾಜ್ಯ

ಶುಕ್ರವಾರ. ನಮಾಜು ಮುಗಿಸಿ ಬಂದ ಖಲ್ಫಾನ್
ಪಿಕಪ್ಪಿನ ಹಿಂಬದಿಗೆ ಚಾಪೆ ಎಸೆದ.
ಮಸ್ಕತ್ತಿನ ಮಾಲಿನಲ್ಲಿ ಹಿಮದ ಆಟವಿದೆಯಂತೆ,
ತಲೆಗಿಷ್ಟು ಅಂತ ಕಾಸು.
ನಮ್ಮಲ್ಲಿ ಐದು ಮಕ್ಕಳು. ಲೆಕ್ಕ ಬೇಡ.
ಪರ್ಸಿನಲ್ಲಿದ್ದದ್ದು ಮೂರು ರಿಯಾಲು, ಚಿಲ್ಲರೆ ಬೈಸ:
ಪೆಟ್ರೋಲಿಗೆ ಎರಡು,
ಮಿಕ್ಕಿದ್ದಕ್ಕೆ ದಾರಿಬದಿಯ ಒಂದು ಕಲ್ಲಂಗಡಿ,
ತಟ್ಟಿ, ಕಿವಿಗೊಟ್ಟು, ಅತ್ತೆ ರಯ್ಯಾ ಆರಿಸಿದ್ದು.
ಅನ್ನದ ಪಾತ್ರೆ ಕಂಬಳಿ ಹೊದ್ದು ನನ್ನ ಮಡಿಲಲ್ಲಿ,
ಜ್ವರ ಬಂದ ಕೂಸಿನ ಹಾಗೆ.

ಹದಿನಾಲ್ಕು ಕಿಲೋಮೀಟರು.
ಟಾರು ಮುಗಿದ ಮೇಲೆ ಬರೀ ಕಲ್ಲು, ಕಲ್ಲಿನ ನೆರಳು,
ಆಡು ತಿಂದು ಬಿಟ್ಟ ಒಂದೊಂದು ಮುಳ್ಳುಮರ.
ತಿರುವು ದಾಟಿದ್ದೇ ಹಸಿರು,
ಯಾರೋ ಬೀಳಿಸಿಕೊಂಡು ಹೋದ ಕರವಸ್ತ್ರದಷ್ಟು.
ವಾದಿ ಎನ್ನುತ್ತೇವೆ ನಾವು. ನೀರು ಬಂದರೆ ಹೊಳೆ,
ಬಾರದಿದ್ದರೆ ರಸ್ತೆ.
ಅಂಚಿನಲ್ಲಿ ಫಲಜು, ಮುತ್ತಜ್ಜಂದಿರು ಕೊರೆದ ಕಾಲುವೆ,
ಎರಡು ಗೇಣು ಅಗಲ, ಬೆಟ್ಟದ ಹೊಟ್ಟೆಯಿಂದ ಹೊರಟು
ಹಗಲಿರುಳು ತನ್ನ ಪಾಡಿಗೆ ಗುಣುಗುಣು.

ಇರುವುದೊಂದೇ ಎಲಚಿ ಮರ. ಅದರ ನೆರಳಿಗೆ ಬಾಡಿಗೆಯಿಲ್ಲ,
ಆದರೆ ನಿಂತಲ್ಲಿ ನಿಲ್ಲದು.
ಉಂಡದ್ದು ಬಡಗಣ ಮಗ್ಗುಲಲ್ಲಿ, ಚಹಾ ಮೂಡಣಕ್ಕೆ ಸರಿದು.
"ಇನ್ನೆರಡು ಚಾಪೆ ಹೊತ್ತು ಇರೋಣ" ಅಂದ ಕಿರಿಯ ಮುಹನ್ನಾ.
ಪುಟಾಣಿ ಮೀನು ಹಿಮ್ಮಡಿಗೆ ಮುತ್ತಿ ಕಚಗುಳಿ ಇಟ್ಟವು;
ಪೇಟೆಯಲ್ಲಿ ಇದಕ್ಕೂ ದುಡ್ಡು ತಗೊಳ್ಳುತ್ತಾರಂತೆ.

ತಣ್ಣಗಾಗಲೆಂದು ಫಲಜಿಗೆ ಬಿಟ್ಟ ಹಣ್ಣಿಗೆ
ಅಡ್ಡ ಕಲ್ಲಿಟ್ಟಿದ್ದೆ ಎಂದು ಗುಸ್ನ್ ಆಣೆಯಿಟ್ಟಳು.
ಕಲ್ಲೇನೋ ಇತ್ತು. ಕಲ್ಲಂಗಡಿ ಇಲ್ಲ.
ಓಡಿದವು ಐದೂ,
ನೀರಿನ ಜೊತೆ, ನೀರಿಗಿಂತ ಮುಂದೆ,
ಸುರಂಗದ ಬಾಯಲ್ಲಿ ನುಂಗಿಹೋದದ್ದು
ಆಚೆ ಖರ್ಜೂರದ ತೋಟದಲ್ಲಿ ಹೊರಬಂದಾಗ
ಮೊಣಕಾಲಷ್ಟು ಕೆಸರಲ್ಲಿ ಮುದುಕನೊಬ್ಬ,
ಕೈಯಲ್ಲಿ ನಮ್ಮ ಹಣ್ಣು, ತೊಟ್ಟಿಕ್ಕುತ್ತ.

"ಈ ಅರ್ಧ ಗಂಟೆಯ ನೀರು ನನ್ನದು.
ನೀರಲ್ಲಿ ಬಂದದ್ದೂ ನನ್ನದೇ."
ಮೀಸೆಯೊಳಗೆ ನಗು ಇತ್ತೇನೋ, ಮಕ್ಕಳಿಗೆ ಕಾಣಲಿಲ್ಲ.
ಖಲ್ಫಾನ್ ಖಾಲಿ ಜೇಬಿಗೆ ಕೈಹಾಕಿದ.

ಗೋಡೆ ಹಿಡಿದು ನಿಧಾನ ಬಂದಳು ರಯ್ಯಾ.
ಹಣ್ಣು ನೋಡಲಿಲ್ಲ, ಅವನನ್ನೂ ನೋಡಲಿಲ್ಲ;
ಬಯಲಲ್ಲಿ ನೆಟ್ಟ ಗಡಿಯಾರದ ಕಂಬವನ್ನು ನೋಡಿದಳು.
"ನೆರಳು ಆರನೇ ಕಲ್ಲು ಮುಟ್ಟಿಲ್ಲ, ಸುಲೈಯಮ್.
ಇದು ಮಸೀದಿ ಪಾಲಿನ ನೀರು. ನಿನ್ನ ಸರದಿ ಆಮೇಲೆ."
ವಾದಿಯ ದಂಡೆಯಲ್ಲಿ ವಾದ ಅಲ್ಲಿಗೆ ಮುಗಿಯಿತು.
ಅವನು ಕಲ್ಲು ನೋಡಿದ, ಆಮೇಲೆ ಮುಖ.
"ನೀನು ಕತ್ತೆಯ ಜೊತೆ ಬರುತ್ತಿದ್ದವಳಲ್ಲವೇ?"
"ಕತ್ತೆ ನನ್ನ ಜೊತೆ ಬರುತ್ತಿತ್ತು."

ಮಸೀದಿಯದಾದರೆ ದಾರಿಹೋಕರದೂ ಹೌದು ಅಂತ
ಕೊಯ್ದ ಹಣ್ಣಿಗೆ ನಾವು, ಅವನು,
ತೋಟಕ್ಕೆ ದುಡಿಯುವ ಸಿಲ್ಹೆಟ್ಟಿನ ಮೊಫಿಜುಲ್,
ಎದುರು ದಂಡೆಯ ಅಪರಿಚಿತ ಚಾಪೆಯವರೂ.
ಬೀಜ ಉಗಿಯುವ ಪಂದ್ಯದಲ್ಲಿ ಮೊಫಿಜುಲ್ ಗೆದ್ದ.

ಅತ್ತೆ ಮರದಡಿ ಕೂತು ಕಾಲು ಚಾಚಿ ಹೇಳಿದಳು,
ಮಕ್ಕಳಿಗಲ್ಲ, ಹಣ್ಣಿನ ಸಿಪ್ಪೆಗೆ ಹೇಳಿದಂತೆ:
ಎರಡು ತೊಗಲ ಚೀಲ. ನಸುಕಿಗೆ ಹೊರಟರೆ
ಮನೆಗೆ ಮರಳುವಾಗ ನಡುಹಗಲು.
ಒಂಬತ್ತು ವರ್ಷ, ದಿನ ಬಿಟ್ಟು ದಿನ.
"ಇಲ್ಲಿ ನೆರಳಿದೆ ಅಂತ ಗೊತ್ತಿತ್ತು.
ಕೂರಲಿಕ್ಕೆ ಹೊತ್ತಿರಲಿಲ್ಲ."

ಹಾಗೇ ನಿದ್ದೆಹೋದಳು.
ನೆರಳು ಮೆಲ್ಲಗೆ ಅವಳ ಪಾದ ಬಿಟ್ಟು ಸರಿಯಿತು, ಮೊಣಕಾಲು ಬಿಟ್ಟಿತು.
ಎಬ್ಬಿಸಲು ಯಾರಿಗೂ ಮನಸ್ಸಾಗದೆ
ಖಲ್ಫಾನ್, ನಾನು, ಮಕ್ಕಳು ಮೂಲೆ ಹಿಡಿದು
ಚಾಪೆ ಸಮೇತ ಅವಳನ್ನು ಎಳೆದೆವು.
ಕಣ್ಣು ತೆರೆಯದೆಯೇ,
"ಇನ್ನೊಂದಿಷ್ಟು ಆಚೆಗೆ" ಅಂದಳು.