ರಸೀದಿಯಲ್ಲೊಂದು ಖಾಲಿ ಜಾಗ

ಮೇವಿನಂಗಡಿಯ ಬಾಗಿಲ ಮೇಲೆ, ಕಳೆದುಹೋದ ನಾಯಿಗೂ
ಕೆಟ್ಟು ನಿಂತ ಟ್ರ್ಯಾಕ್ಟರಿಗೂ ನಡುವೆ
ಪಿನ್ನು ಚುಚ್ಚಿದ ಚೀಟಿ:
‘ಕುದುರೆ ಮಾರಾಟಕ್ಕಿದೆ. ಕಂದು. ಹನ್ನೊಂದು ವರ್ಷ.
ಇಂಗ್ಲಿಷ್ ಸವಾರಿಯದು. ದನದ ಕೆಲಸಕ್ಕೆ ಬರುವುದಿಲ್ಲ.’
ಕೆಳಗೆ ಸೀಳಿಬಿಟ್ಟ ಫೋನ್ ನಂಬರಿನ ಎಂಟು ಬಾಲಗಳು.
ಒಂದನ್ನೂ ಯಾರೂ ಕಿತ್ತಿರಲಿಲ್ಲ.
ನಾನು ಎರಡು ಕಿತ್ತೆ, ಒಂದು ಕಳೆದೀತೆಂದು.

ಸಾಸ್ಕಾಚೆವಾನಿನ ಈ ಬಯಲಲ್ಲಿ ಕುದುರೆಗೇನು ಬರ?
ಬೇಲಿಗೊಂದು ಇವೆ. ಎಲ್ಲಕ್ಕೂ ಕಸುಬು ಗೊತ್ತು:
ಕರು ಬೇರೆ ಮಾಡುವುದು, ಹಗ್ಗ ಬಿಗಿಯುವಷ್ಟು
ಹಿಂದೆ ಸರಿದು ಕಾಲೂರುವುದು,
ಸಂಜೆ ತಲೆ ತಗ್ಗಿಸಿ ಕೂಲಿಯಾಳಿನಂತೆ ಮರಳುವುದು.
ನನಗೆ ಬೇಕಿದ್ದದ್ದು ಬೇರೆ ನಡಿಗೆ:
ಕತ್ತು ಕಮಾನಾಗಿ, ಮಂಡಿ ಮೇಲೆತ್ತಿ,
ಇಲ್ಲದ ನೀರಗುಂಡಿಗಳನ್ನು ದಾಟಿ ದಾಟಿ
ಬರುವ ಠೀವಿ.

ಹದಿಮೂರರಲ್ಲಿ, ಒಂದೇ ಒಂದು ಬೇಸಿಗೆ,
ಹೊಸ ಟೀಚರ್ ಮಿಸ್ ಪೆಂಡ್ರಿಲ್ ಕಲಿಸಿದ್ದಳು:
ಬೆನ್ನು ನೆಟ್ಟಗೆ, ಕೈ ಮೆತ್ತಗೆ,
ಎದ್ದು ಕೂರು, ಎದ್ದು ಕೂರು,
ಲಗಾಮೆಂದರೆ ಗುಬ್ಬಿಮರಿ, ಹಿಸುಕಬೇಡ ಹುಡುಗಿ.
ಚಳಿಗೆ ಹೆದರಿ ಊರು ಬಿಟ್ಟಳು.
ಜೀನು ನಮ್ಮ ಅಟ್ಟದಲ್ಲೇ ಉಳಿಯಿತು, ನಲವತ್ತು ವರ್ಷ.
ಅಮ್ಮ ಅದರ ಮೇಲೆ ಈರುಳ್ಳಿ ಒಣಗಿಸಿದಳು.

ಮೆನೋನೈಟರ ಮನೆಯ ಹೆಣ್ಣು ನಾನು, ನೆಟ್ಟಿ ಡಿಕ್.
ನಮ್ಮವರಲ್ಲಿ ‘ಸುಖ’ ಎಂಬ ಮಾತನ್ನು
ಒಳಬಟ್ಟೆಯಂತೆ, ದುಪ್ಪಟಿಯ ಹಿಂದೆ ಒಣಹಾಕುತ್ತಾರೆ.
ಗೋಧಿ ಲಾರಿ ತೂಗುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ.
ತೂಕಕ್ಕೆ ಸಿಗದ್ದನ್ನು ಬಯಸಿದವಳಲ್ಲ.

ನೂರ ಹತ್ತು ಮೈಲಿ. ಕರಗಿ ಮತ್ತೆ ಹೆಪ್ಪಾದ ಮಾರ್ಚಿನ ರಸ್ತೆ.
ಮೆಟ್ರೊ ಹ್ರಿಂಚುಕ್ ಬೇಲಿಗೊರಗಿ ನಿಂತಿದ್ದ,
‘ಹರಾಜಿನಲ್ಲಿ ಕಣ್ತಪ್ಪಿ ಕೊಂಡೆ,’ ಎಂದ.
‘ಕರು ಕಂಡರೆ ಇವನೇ ಓಡುತ್ತಾನೆ.
ಹಣೆಯಲ್ಲಿ ನೋಡು, ಎರಡು ಸುಳಿ.
ನಮ್ಮಪ್ಪನಾದರೆ ಅಂಗಳಕ್ಕೂ ಸೇರಿಸುತ್ತಿರಲಿಲ್ಲ.’
ಮಾರುವವ ಇಷ್ಟು ನಿಜ ಹೇಳಿದರೆ
ಕೊಳ್ಳುವವಳಿಗೆ ಚೌಕಾಶಿ ಕಷ್ಟ.

ಡಾಕ್ಟರ್ ಓಡೀಲ್ ಗೋಡೆ ಬಂದಳು, ಹಲ್ಲು ನೋಡಿದಳು,
ಗೊರಸು ಬಡಿದಳು, ಹಿಂಗಾಲು ಮಡಚಿ ಹಿಡಿದು
ನಿಮಿಷ ಎಣಿಸಿ ಓಡಿಸಿದಳು.
ಎಡಗಾಲು ಎರಡು ಹೆಜ್ಜೆ ಮುನಿಸಿಕೊಂಡು
ಆಮೇಲೆ ರಾಜಿಯಾಯಿತು.
‘ದುಡಿಮೆಗಾದರೆ ಬೇಡ ಅನ್ನುತ್ತಿದ್ದೆ,’ ಎಂದಳು,
ಉಳಿದದ್ದು ಹೇಳದೆ ಕೈಗವಸು ಹಾಕಿಕೊಂಡಳು.

ಜೀನು ಇಳಿಸಿದೆ. ಮೆಟ್ರೊ ಸುತ್ತ ಒಂದು ಸುತ್ತು ಬಂದ.
‘ಮುಂದೆ ಕೊಂಬೇ ಇಲ್ಲವಲ್ಲ!
ಬೀಳುವಾಗ ಏನು ಹಿಡಿಯುತ್ತೀ?’
‘ಇವನನ್ನೇ.’

ಬೋರಲು ಹಾಕಿದ ನೀರಿನ ತೊಟ್ಟಿ ಹತ್ತಿ,
ಮಂಡಿ ಲಟಕ್ಕೆನ್ನಿಸಿ, ಏರಿದೆ.
ಅವನು ಕಿವಿ ಹಿಂದಿಟ್ಟ, ಮುಂದಿಟ್ಟ.
ಯಾರೋ ಹಳೆ ಭಾಷೆಯಲ್ಲಿ ಹೆಸರು ಕೂಗಿದ ಹಾಗೆ
ಕತ್ತು ಎತ್ತಿದ.
ಎದ್ದು ಕೂರು, ಎದ್ದು ಕೂರು.
ಈರುಳ್ಳಿ ವಾಸನೆ. ಹದಿಮೂರು ವರ್ಷ.
ಬೇಲಿಯಾಚೆ ದನಗಳು ಮೆಲುಕು ನಿಲ್ಲಿಸಿ ನೋಡಿದವು.

ಮೂರೂವರೆ ಸಾವಿರ ಎಂದಿದ್ದ.
ನಾನು ಎರಡೂಮುಕ್ಕಾಲು ಎಂದು ಗಾಳಿಯ ಕಡೆ ತಿರುಗಿದೆ.
ಮೂರಕ್ಕೆ ಮುಗಿಯಿತು, ಆರು ಹೊರೆ ಹುಲ್ಲು ಸೇರಿ.
ಟ್ರಕ್ಕಿನ ಬಾನೆಟ್ಟಿನ ಮೇಲೆ ರಸೀದಿ.
ಶಾಯಿ ಕಟ್ಟಿದ ಪೆನ್ನಿಗೆ ಉಸಿರು ಊದಿ ಊದಿ
ಬಣ್ಣ ಬರೆದ, ಎತ್ತರ ಬರೆದ, ಮತ್ತೆ ನಿಂತ.
‘ಉಪಯೋಗ ಅಂತ ಒಂದಿದೆ. ಏನು ಹಾಕಲಿ?
ತಳಿಗೆ?’ ‘ಬೀಜ ಒಡೆಸಿದ್ದಾರಲ್ಲ.’
‘ದನಕ್ಕೆ?’ ಇಬ್ಬರೂ ನಕ್ಕೆವು.
‘ಮತ್ತೆ?’
‘ಸುಮ್ಮನೆ,’ ಎಂದೆ.
‘ಸುಮ್ಮನೆ?’ ಎಂದ, ಊರಿನ ಹೆಸರು ಕೇಳುವವನಂತೆ.
ಹಾಗೇ ಬರೆದ, ದಪ್ಪ ಅಕ್ಷರದಲ್ಲಿ;
ಗೆರೆ ಸಾಲದೆ ಕೊನೆಯಕ್ಷರ ಸಹಿಯ ಜಾಗಕ್ಕೆ ಇಳಿಯಿತು.

ಕತ್ತಲಾಗಿತ್ತು ಊರು ಸೇರುವಾಗ.
ನನ್ನ ಹತ್ತಿರ ಬೀಗದಕೈ ಇದೆ.
ಗಾಡಿಯನ್ನು ನೇರ ತೂಕದ ಹಾಸಿನ ಮೇಲೆ ಹತ್ತಿಸಿದೆ,
ಒಳಗೆ ಹೋಗಿ ದೀಪ ಹಾಕದೆ ನೋಡಿದೆ.
ಟ್ರಕ್ಕು ಕಳೆದು, ಟ್ರೇಲರು ಕಳೆದು, ಹುಲ್ಲು ಕಳೆದು
ನಾನೂರ ಎಂಬತ್ತು ಕಿಲೊ.
ಯಾರ ಲೆಕ್ಕದ ಪುಸ್ತಕಕ್ಕೂ ಏರಿಸಲಿಲ್ಲ.
ಹೊರಗೆ ಅವನು ಒಂದು ಕಾಲು ಎತ್ತಿಟ್ಟ ಸದ್ದು.
ಮುಳ್ಳು ನಡುಗಿತು.
ಮತ್ತೊಮ್ಮೆ ಎತ್ತಿಡಲೆಂದು ಕಾದೆ.